ಬಿಜಲಿ ಕಾಯ್ದ ಮೂವತ್ತೆರಡು ಮಂದಿ

ಚಚಡಿ,
೧೪ ನವೆಂಬರ್ ೨೦೨೪

ಪ್ರೀತಿಯ ಮೊಮ್ಮಗ ವಾಸೀಮ್, ನಿನ್ನ ಅಜ್ಜನ ಸಲಾಂ, ದುವಾ.

ಆರಾಮ ಅದೀಯಲ್ಲಪಾ? ಅಲ್ಲಿ ಗಡಿಯಾಗ ಬರ್ಫ್ ಬೀಳಾಕ ಸುರು ಆಗಿರಬೇಕು. ಕಾಲಚೀಲ ಎರಡೆರಡು ಹಾಕ್ಕೋ, ಒದ್ದಿ ಆದ್ರ ತಡಾ ಮಾಡದ ಬದಲ ಮಾಡು. ಇಲ್ಲಿ ನಿಮ್ಮವ್ವ ಹುಸೇನಮಾ ಆರಾಮ ಅದಾಳ. ನವಿಲುತೀರ್ಥದ ಕಾಲುವಿಗೆ ನೀರು ಬಂದೈತಿ, ಜ್ವಾಳ ಮೊಣಕಾಲುದ್ದ ಆಗೈತಿ. ನಿನ್ನ ತಂಗಿ ಸಿಮ್ರನಳ ನಿಕಾಹದ ಬಟ್ಟಿ ತರಾಕ ಮೊನ್ನೆ ಎಲ್ಲಾರೂ ಬೈಲಹೊಂಗಲಕ್ಕ ಹೋಗಿದ್ರು. ಅಂದಾಜಿನ ಮ್ಯಾಲ ನಿನಗೂ ಒಂದು ಶೇರ್ವಾನಿ ತಂದಾರ. ಭುಜದಾಗ ಬಿಗಿ ಆದ್ರ ನನ್ನ ಬೈಬ್ಯಾಡ, ಅಳತಿ ಹೇಳಿದಾಕಿ ನಿಮ್ಮವ್ವ.

ಆದ್ರ ನೀ ನಿಕಾಹಕ್ಕ ಬರಾಂಗಿಲ್ಲ ಅಂತ ಬರದೀ. "ನನ್ನ ಜೋಡಿ ಬಂದವರೆಲ್ಲಾ ಮ್ಯಾಲಿನ ಚೌಕಿಗೆ ಹೋದ್ರು. ನನ್ನನ್ನ ರೇಷನ್ ಗೋದಾಮಿಗೆ ಹಾಕಿದ್ರು. ಇಲ್ಲಿ ನಾನು, ಒಂದು ಬೆಕ್ಕು. ಊರಾಗ ಯಾರರ ಕೇಳಿದ್ರ ಏನ ಹೇಳ್ಲಿ ಅಜ್ಜಾ?" ಅಂದೀ. ಸಿಮ್ರನಗ ನಾ ಇದನ್ನ ಇನ್ನೂ ಹೇಳಿಲ್ಲ, ಹೇಳಾಕ ಬಾಯಿ ಬರವಲ್ದು.

ಮಗನ, ಆ ಬೆಕ್ಕಿನ ಬಗ್ಗೆ ಹಗರ ಮಾತಾಡಬ್ಯಾಡ. ನಮ್ಮ ಸುಬೇದಾರರು ಓದಿಕೊಂಡವರು, ಅವರು ಹೇಳತಿದ್ರು: ಹಾಯಿ ಹಡಗಿನ ಕಾಲದಿಂದ ಸೈನಿಕರು ಬೆಕ್ಕು ಸಾಕ್ಕೊಂಡ ಬಂದಾರಂತ. ಇಲಿ ಬಿಸ್ಕೀಟು ತಿಂದು, ಹಗ್ಗಾ ಕಡದ್ರ ನಡಸಮುದ್ರದಾಗ ಯಾರ ಕೊಡತಾರ? ಮೊದಲ್ನೇ ಮಹಾಯುದ್ಧದ ಕಂದಕದಾಗೂ ಇಲಿ ಹಿಡಿಯಾಕ ಬೆಕ್ಕ. ಚೀನಾದ ನದಿಯೊಳಗ ಒಂದು ಇಂಗ್ರೇಜಿ ಹಡಗಿನ ಮ್ಯಾಲ ತೋಪು ಹಾರಿಸಿದಾಗ ಅದರಾಗಿನ ಬೆಕ್ಕಿಗೂ ಗಾಯ ಆತು. ಚೇತರಿಸ್ಕೊಂಡು ಅದು ಮತ್ತ ಇಲಿ ಬೆನ್ನ ಹತ್ತಿತಂತ. ಅದಕ್ಕ ಪದಕಾ ಕೊಟ್ಟಾರ!

ನಾ ಕಣ್ಣಾರೆ ಕಂಡ ಬೆಕ್ಕು ಅಂದ್ರ ಬಿಜಲಿ. ಲಡಾಖದ ಚೌಕಿಯೊಳಗ ನಾವು ಮೂವತ್ತೆರಡು ಮಂದಿ ಇದ್ವಿ. ಹಿಂದಿನ ಚಳಿಗಾಲದಾಗ ಇಲಿ ಹಿಟ್ಟಿನ ಚೀಲ ಹೊಲಸ ಮಾಡಿ, ಅರ್ಧಾ ಹಿಟ್ಟು ಚೆಲ್ಲಬೇಕಾಗಿ ಬಂದಿತ್ತು. ಹಸಿವಿಲೆ ಸೊರಗಿದ ಇಬ್ಬರನ್ನ ಹೊತಗೊಂಡು ಇಳಿಸಿದ್ರು. ಆ ವರ್ಷ ದಾರಿ ಮುಚ್ಚೂಕಿಂತ ಮೊದಲು ನಮ್ಮ ಅಡಗಿಯಂವ, ರಾಮದುರ್ಗದ ಉಳವಪ್ಪ, ಕೋಟಿನ ಕಿಸೆದಾಗ ಒಂದು ಬೆಕ್ಕಿನ ಮರಿ ಇಟ್ಕೊಂಡ ಬಂದ. ಚೌಕಿಯ ಸಾಹೇಬ್ರು, "ಇದಕ್ಕೂ ರೇಷನ್ ಕೊಡಬೇಕೇನು?" ಅಂತ ಸಿಟ್ಟಾದ್ರು. ಉಳವಪ್ಪ ಅಟೆನ್ಷನ್ ನಿಂತು, "ಸಾಹೇಬ್ರ, ಇದು ತನ್ನ ರೇಷನ್ ತಾನ ಹಿಡಕೊಂತೈತ್ರಿ" ಅಂದ. ಸಾಹೇಬ್ರೂ ನಕ್ಕರು.

ಐದು ತಿಂಗಳು ದಾರಿ ಬಂದ್. ಥಂಡಿಗೆ ಬಿಜಲಿಯ ಒಂದು ಕಿವಿಯ ತುದಿ ಕರ್ರಗಾಗಿ ಉದುರಿತು. ಆದ್ರೂ ಚೀಲದ ಸಾಲು ಬಿಟ್ಟು ಬೆಚ್ಚನ್ನ ಒಲಿ ಕಡೆ ಹೋಗಲಿಲ್ಲ. ಬೆಳಗಾದ್ರ ಸತ್ತ ಇಲಿ ಸಾಲಾಗಿ ಇಟ್ಟು, ಬಾಗಲಾಗ ಕುಂತಿರತಿತ್ತು. ಒಂದು ಚೀಲನೂ ಹಾಳಾಗಲಿಲ್ಲ. ದಾರಿ ತೆರೆದ ದಿನ ಮೂವತ್ತೆರಡೂ ಮಂದಿ ನಮ್ಮ ಕಾಲ ಮ್ಯಾಲ ನಾವ ನಡಕೊಂತ ಇಳದ್ವಿ. ಸಾಹೇಬ್ರು ಬಿಜಲಿ ಮುಂದ ನಿಂತು ಟೊಪ್ಪಿಗಿ ತಗದ್ರು. ಯಾರೂ ನಗಲಿಲ್ಲ.

ಅಲ್ಲಾ ನಿನ್ನ ಚೆಂದಾಗಿ ಇಟ್ಟಿರಲಿ. ನಿನ್ನ ಸಾಹೇಬ್ರಿಗೆ ನನ್ನ ಸಲಾಂ ಹೇಳು.

ನಿನ್ನ ಅಜ್ಜ,
ಹಜರತಸಾಬ

ತಾ.ಕ.: ಟಪಾಲಿನ ಕಾಂತೇಶ ಬಾಗಲಾಗ ನಿಂತಾನ, ಲಗೂನ ಬರಿಯಾಕತ್ತೇನಿ. ನನ್ನ ಕುಂಟಗಾಲು ಗುಂಡು ಬಿದ್ದು ಆದದ್ದಲ್ಲ. ಮುಂದಿನ ವರ್ಷ ಗೋದಾಮಿನಾಗ ಮ್ಯಾಲಿಂದ ಅಕ್ಕಿ ಚೀಲ ಬಿದ್ದು ಆದದ್ದು. ಆ ಚೌಕಿಯ ಗೋದಾಮು ನೋಡಕೊಂತಿದ್ದಂವ ನಾನ. ಊರವರು ಗುಂಡು ಅಂದ್ರು, ನಾ ಅಲ್ಲ ಅನ್ನಲಿಲ್ಲ. ನಲವತ್ತು ವರ್ಷ ಅನ್ನಲಿಲ್ಲ. ನಿನ್ನೆ ಚಹಾದಂಗಡಿಯಾಗ ಎಲ್ಲಾರ ಮುಂದ ಹೇಳಿಬಿಟ್ಟೆ. ನನ್ನ ಜೋಡಿ ದಿನಾ ಚಹಾ ಕುಡಿಯೂ ನಿಜಗುಣಪ್ಪ, "ಹಂಗಾದ್ರ ಆ ಮೂವತ್ತೆರಡು ಮಂದಿಗೆ ಕೂಳು ಕಾಯ್ದಂವ ನೀನ ಏನೋ?" ಅಂದು ನನ್ನ ಕಡೆ ಕುರ್ಚಿ ಸರಿಸಿದ. ಇನ್ನ ನೀ ನಾಚೂದು ಏನೂ ಉಳದಿಲ್ಲ. ರಜಾ ಬರಸು, ಬಾ.