ಹೊಸ್ತಿಲ ತಪಾಸಣೆ ಅಳಿಸಿದ ಭಾವನಿಗೆ

ಮನೆಯಲ್ಲಿ ಭಾವನೂ ಕಚೇರಿಯಲ್ಲಿ ಮುಖ್ಯಸ್ಥರೂ ಆದ ತಮಗೆ,

ಕಂಪ್ಯೂಟರಿನ ಒಳಮನೆಯಾದ ಕರ್ನಲ್‌ಗೆ ಪ್ರೋಗ್ರಾಮ್‌ಗಳು ಕಳಿಸುವ ಪ್ರತಿ ಕೋರಿಕೆ, ಅಂದರೆ ಸಿಸ್ಟಮ್ ಕಾಲ್, ತಂದ ಮೆಮೊರಿ ವಿಳಾಸ ಸರಿಯಿದೆಯೇ ಎಂದು ನಾನು ಬರೆದ ನಾಲ್ಕು ಸಾಲು ಕೋಡ್ ನೋಡುತ್ತಿದ್ದವು. ಚೂರು ಸಮಯ ಹಿಡಿಯುತ್ತಿತ್ತು, ನಿಜ. "ಇವಳಮ್ಮನೂ ಹೀಗೇ, ಅಳಿಯನನ್ನೂ ಹೊಸ್ತಿಲಲ್ಲೇ ನಿಲ್ಲಿಸಿ ವಿಚಾರಿಸ್ತಾರೆ" ಎಂದು ಸಭೆಯನ್ನು ನಗಿಸಿ ತಾವು ಅವನ್ನು ಅಳಿಸಿದಿರಿ. ವೇಗ ಹೆಚ್ಚಿಸಿದ್ದಕ್ಕೆ ತಮಗೆ ಬಹುಮಾನ ಬಂತು, ನನಗೆ ಕೆಲಸ ಬಿಟ್ಟು ಮನೆಗೆ ಹೋಗುವ ಆದೇಶ.

ನಿನ್ನೆ ಯಾವುದೋ ಪ್ರೋಗ್ರಾಮ್ ತಪ್ಪು ವಿಳಾಸ ಹಿಡಿದು ಒಳನುಗ್ಗಿ, ಯಂತ್ರಗಳೆಲ್ಲ ಮಲಗಿದವಂತೆ. "ಬಂದು ಸರಿಮಾಡು" ಎಂದು ಅಕ್ಕನಿಂದ ಹೇಳಿಸಿದ್ದೀರಿ.

ಬರುತ್ತೇನೆ. ನಾನು ಮರಳಿ ಸೇರಿಸುವ ಆ ಸಾಲುಗಳ ನೆತ್ತಿಯ ಮೇಲೆ, ಅವನ್ನು ಯಾರು, ಏಕೆ ತೆಗೆದಿದ್ದರೆಂಬ ಟಿಪ್ಪಣಿ ಇರುತ್ತದೆ. ಅದನ್ನು ಅಳಿಸುವುದಿಲ್ಲವೆಂದು ಬರೆದುಕೊಡಿ. ವೇಗದ ಚಿಂತೆ ಬೇಡ, ಟಿಪ್ಪಣಿಯನ್ನು ಯಂತ್ರ ಓದುವುದಿಲ್ಲ. ಮುಂದೆ ಕೆಲಸಕ್ಕೆ ಸೇರುವವರು ಮಾತ್ರ ಓದುತ್ತಾರೆ.

ಇಂತಿ,
ತಮ್ಮ ಉತ್ತರಕ್ಕಾಗಿ ಹೊಸ್ತಿಲಲ್ಲೇ ನಿಂತಿರುವ ನಾದಿನಿ