ಇವತ್ತು ಹೊಸತೇನಿಲ್ಲ

ಬೊರಿವಲಿ, ಮುಂಬಯಿ
೧೨ ಜನವರಿ ೨೦೨೫

ಪ್ರೀತಿಯ ರಾಧಿಕಕ್ಕನಿಗೆ ವಿನೋದಿನಿಯ ನಮಸ್ಕಾರ.

ಮಂಡಿನೋವು ಹೇಗಿದೆ? ನೀವು ಕಾರ್ಕಳಕ್ಕೆ ಹೋದ ಮೇಲೆ ಒಂದು ಕಾಗದವನ್ನೂ ಬರೆಯದವಳು ಈಗ ಬರೆದರೆ, ‘ಇವಳಿಗೆ ಏನೋ ಕೆಲಸ ಬಿದ್ದಿರಬೇಕು’ ಎಂದು ನಗುತ್ತೀರಿ. ನಗಿ. ಫೋನಿನಲ್ಲಿ ಹೇಳಲು ಬಾಯಿ ಬರಲಿಲ್ಲ.

ಬೆನ್ನುನೋವೆಂದು ಆಸ್ಪತ್ರೆ ಬಿಟ್ಟು, ಕೆಲಸಕ್ಕೆ ಹೋಗುವವರ ಮಕ್ಕಳನ್ನು ಹಗಲು ನೋಡಿಕೊಳ್ಳುವ ಸಾಂತಾಕ್ರೂಜಿನ ಒಂದು ಪಾಳಣಾಘರಕ್ಕೆ ನರ್ಸ್ ಆಗಿ ಸೇರಿ ಐದು ತಿಂಗಳಾಯಿತು. ಘಾಟ್ಕೋಪರಿನ ಚಾಳಿನಲ್ಲಿ ನಾನು ಡ್ಯೂಟಿಗೆ ಹೋದಾಗ ನೀವೊಬ್ಬರೇ ನನ್ನ ಮಗಳು ಪ್ರಣೀತಾಳಿಗೆ ಮಾಡಿದ್ದನ್ನು ಇಲ್ಲಿ ಆರು ಹೆಂಗಸರು ಮೂವತ್ತು ಮಕ್ಕಳಿಗೆ ಮಾಡುತ್ತೇವೆ. ಮೊದಮೊದಲು ಮನಸ್ಸೇ ನಿಲ್ಲಲಿಲ್ಲ. ಇಪ್ಪತ್ತೆಂಟು ವರ್ಷ ಐಸಿಯು ನೋಡಿದವಳು ಮೂಗು ಒರೆಸುತ್ತಾ ಕೂರುವುದೇ? ರಾಜೀನಾಮೆ ಬರೆದು ಬ್ಯಾಗಿನಲ್ಲಿ ಇಟ್ಟುಕೊಂಡೇ ತಿರುಗುತ್ತಿದ್ದೆ.

ಒಂದು ದಿನ ಸೋನಾಲಿ ಎಂಬವಳ ಮಗು ನಮ್ಮಲ್ಲೇ ಮೊದಲ ಹೆಜ್ಜೆ ಇಟ್ಟಿತು. ಒಳ್ಳೆಯ ಸುದ್ದಿಯನ್ನು ತಡಮಾಡದೆ ಹೇಳುವುದು ಆಸ್ಪತ್ರೆಯ ಅಭ್ಯಾಸ. ಅವಳು ಚಪ್ಪಲಿ ಬಿಡುವ ಮೊದಲೇ ಹೇಳಿಬಿಟ್ಟೆ. ‘ಅಚ್ಛಾ?’ ಎಂದಳು, ಮಗುವನ್ನು ಎತ್ತಿಕೊಂಡು ತಲೆ ತಗ್ಗಿಸಿ ಹೋದಳು. ನಮ್ಮ ಹಿರಿಯ ಆಯಾ, ಕಲಬುರಗಿಯ ಇಂದ್ರಾಬಾಯಿ, ನನ್ನ ಮೇಲೆ ಹರಿಹಾಯ್ದಳು. ‘ಸಿಸ್ಟರ್, ಅಕಿ ಹೊಟ್ಟಿಪಾಡಿಗೆ ಕೂಸಿನ್ನ ಬಿಟ್ಟು ಹೋಗ್ತಾಳ. ಅದರ ಮೊದಲನೇ ಹೆಜ್ಜೀನೂ ನಾವಽ ಇಟ್ಕೊಳ್ಳೋದೇನು?’

ಕಳೆದ ಮಂಗಳವಾರ ಮಧ್ಯಾಹ್ನ, ಕಟ್ಟಡ ಕೆಲಸಕ್ಕೆ ಹೋಗುವ ಶರಣವ್ವನ ಮಗಳು ಗೋಡೆ ಬಿಟ್ಟು ನಾಲ್ಕು ಹೆಜ್ಜೆ ನಡೆದು ನನ್ನ ಮಡಿಲಿಗೆ ಬಿದ್ದಳು. ಆರೂ ಜನ ನೋಡಿದೆವು. ಸಂಜೆ ಕಾಲಿಗೆ ಸಿಮೆಂಟು ಮೆತ್ತಿಕೊಂಡು ಶರಣವ್ವ ಬಂದಾಗ ಯಾರೂ ಉಸಿರೆತ್ತಲಿಲ್ಲ. ‘ಇವತ್ತು ಹೊಸಾದೇನಿಲ್ಲ ಯವ್ವಾ. ಮನ್ಯಾಗ ಕೂಸಿನ ಎದುರಿಗೆ ಒಂದೀಟು ಕುಂತು ಕರಿ’ ಎಂದಳು ಇಂದ್ರಾಬಾಯಿ.

ಮರುದಿನ ಬೆಳಿಗ್ಗೆ ಶರಣವ್ವ ಓಡಿಬಂದಳು. ‘ನಡದಾಳ್ರೀ ಬಾಯಾರ. ನಾನಽ ಮೊದಲ ನೋಡೀನಿ.’

‘ಹೌದೇನ? ನಮಗ ತೋರಿಸಲೇ ಇಲ್ಲ ನೋಡು, ಕಳ್ಳಿ’ ಎಂದು ಇಂದ್ರಾಬಾಯಿ ಮಗುವಿನ ಕೆನ್ನೆ ಹಿಂಡಿದಳು. ಉಳಿದವರು ಆಗಷ್ಟೇ ಕೇಳಿದವರಂತೆ ಬಾಯಿಯ ಮೇಲೆ ಕೈಯಿಟ್ಟರು.

ಅಕ್ಕ, ನಾನು ಬೆರಗಾಗಿ ನಿಂತುಬಿಟ್ಟೆ. ನಿಂತ ಹೃದಯ ಮತ್ತೆ ಬಡಿದದ್ದನ್ನು ಕಂಡವಳು ನಾನು. ಇಷ್ಟು ದೊಡ್ಡದನ್ನು ಕಂಡಿರಲಿಲ್ಲ. ಈ ಹೆಂಗಸರು ತಾವು ಕಂಡದ್ದನ್ನು ತಾಯಿಗೆ ಬಿಟ್ಟುಕೊಟ್ಟು, ಏನೂ ಆಗದವರ ಹಾಗೆ ಹೋಗಿ ದುಪ್ಪಟಿ ಒಗೆಯುತ್ತಾರೆ. ರಾಜೀನಾಮೆಯನ್ನು ಅವತ್ತೇ ಹರಿದುಹಾಕಿದೆ.

ಪ್ರಣೀತಾಳಿಗೆ ಈಗ ಏಳನೇ ತಿಂಗಳು. ಅವಳು ಕೆಲಸಕ್ಕೆ ಹೋದಾಗ ಕೂಸು ನನ್ನ ಕೈಯಲ್ಲೇ ಬೆಳೆಯುವುದು. ಅವಳ ಮೇಲೂ ಹೊಟ್ಟೆಯಲ್ಲಿರುವ ಕೂಸಿನ ಮೇಲೂ ನಿಮ್ಮ ಆಶೀರ್ವಾದ ಇರಲಿ.

ನಿಮ್ಮ
ವಿನೋದಿನಿ

ತಾ.ಕ.: ನಾವು ಘಾಟ್ಕೋಪರ್ ಬಿಟ್ಟದ್ದು ಆಸ್ಪತ್ರೆಗೆ ಹತ್ತಿರವಾಗಲೆಂದಲ್ಲ. ನಾನು ಕೈಚಾಚಿದರೆ ಪ್ರಣೀತಾ ನಿಮ್ಮ ಕುತ್ತಿಗೆ ತಬ್ಬಿ ಅಳುತ್ತಿದ್ದಳು, ಅದನ್ನು ತಡೆದುಕೊಳ್ಳಲಾಗಲಿಲ್ಲ. ನೀವು ಮಗಳನ್ನು ನನ್ನಿಂದ ಕಸಿದಿರಿ ಎಂದೇ ಇಷ್ಟು ವರ್ಷ ಅಂದುಕೊಂಡಿದ್ದೆ. ಒಂದು ಸಂಜೆ ನೀವು ಬಾಗಿಲಲ್ಲಿ, ‘ಇವತ್ತು ಹೊಸತೇನಿಲ್ಲ ಮಾರಾಯ್ತಿ, ಮಗುವಿನ ಎದುರು ಸ್ವಲ್ಪ ಕೂತುಕೋ’ ಎಂದಿದ್ದಿರಿ. ಅವತ್ತೇ ಅವಳು ನನ್ನ ಕಡೆಗೆ ನಡೆದಳು. ಮೊದಲು ನೋಡಿದವಳು ನಾನೇ ಎಂದು ಇಪ್ಪತ್ತಾರು ವರ್ಷ ಅವಳಿಗೆ ಹೇಳಿಕೊಂಡು ಬಂದಿದ್ದೇನೆ. ನಿಜವೇನೆಂದು ಬರೆಯಬೇಡಿ ಅಕ್ಕ. ಅವಳ ಕೂಸು ನಡೆಯುವ ಹೊತ್ತಿಗೆ ಬಂದುಬಿಡಿ. ಪ್ರಣೀತಾಳಿಗೆ ‘ಹೊಸತೇನಿಲ್ಲ’ ಎನ್ನಲು ನನ್ನೊಬ್ಬಳಿಂದ ಆಗದು.