ಆರುನೂರನೆಯ ಯೂನಿವರ್ಸಿಟಿ

ಮಗಳೇ ಚಂದನಾ,

ನಿನ್ನನ್ನು ವಿದೇಶಕ್ಕೆ ಓದಲು ಕರೆದಿದ್ದ ಆ ಕನ್ನಡಿಗ ಪ್ರೊಫೆಸರ್ ಇವತ್ತು ಹಳೇಕೋಟೆಯ ನಮ್ಮ ಆಲೂಗೆಡ್ಡೆ ಹೊಲಕ್ಕೆ ಬಂದಿದ್ದರು. ನಮ್ಮ ಕಡೆ ಆಲೂಗೆಡ್ಡೆ ಗಿಡ ಸುಟ್ಟುಹಾಕುವ ಅಂಗಮಾರಿ ರೋಗಕ್ಕೇ ಮದ್ದು ಹುಡುಕುತ್ತಿದ್ದಾರಂತೆ.

ಜಗತ್ತಿನ ಪಟ್ಟಿಯಲ್ಲಿ ಅವರ ಯೂನಿವರ್ಸಿಟಿ ಆರುನೂರನೆಯದು ಎಂದು ನಿನ್ನನ್ನು ತಡೆದವನು ನಾನು. ಪಟ್ಟಿ ಸುಳ್ಳಲ್ಲ; ಅದನ್ನು ನೋಡಿ ಹೋದ ನಿನ್ನ ಗೆಳತಿ ಚೆನ್ನಾಗಿದ್ದಾಳೆ. ಆದರೆ ಇಂಥವರೊಬ್ಬರು ಅಲ್ಲಿದ್ದಾರೆಂದು ಅದರಲ್ಲಿ ಬರೆದಿರಲಿಲ್ಲ. ನೀನು ಹೇಳಿದ್ದೆ, ನಾನು ಕೇಳಲಿಲ್ಲ.

"ಚಂದನಾ ಇನ್ನೂ ಒಳ್ಳೇ ಯೂನಿವರ್ಸಿಟಿಗೆ ಹೋದಳಾ?" ಎಂದು ಕೇಳಿದರು.

ನೀನು ಡೆಂಗ್ಯೂ ಬಂದು ತೀರಿಕೊಂಡು ಎರಡು ವರ್ಷವಾಯಿತೆಂದು ನಾನು ಹೇಳಲಿಲ್ಲ.

"ಊಂ ಸಾ, ಓಗವ್ಳೆ" ಅಂದೆ.

ಅವರು ನನ್ನ ಕೈ ಹಿಡಿದುಕೊಂಡು, "ಮಕ್ಕಳಿಗೆ ನಿಮ್ಮಂಥ ಅಪ್ಪ ಇರಬೇಕು" ಅಂದರು.